ಕುತ್ತಿಗೆ ನೋವಿಗೆ ಅಂತ ತಗೊಂಡ ಮೆಮೊರಿ ಫೋಮ್ ದಿಂಬು, 4 ತಿಂಗಳು ಬಳಸಿದ ಮೇಲೆ

ಮೊದ್ಲೇ ಹೇಳ್ಬಿಡ್ತೀನಿ, ದಿಂಬು ಚೆನ್ನಾಗಿದೆ, ಆದ್ರೆ ನಂಗಿದ್ದ ಎರಡು ನೋವಲ್ಲಿ ಒಂದಕ್ಕೆ ಮಾತ್ರ ಅದು ಕೆಲಸ ಮಾಡ್ತು. ಬೆಳಿಗ್ಗೆ ಏಳುವಾಗ ಇರ್ತಿದ್ದ ಬಿಗಿತ ಹೆಚ್ಚುಕಮ್ಮಿ ಪೂರ್ತಿ ಹೋಗಿದೆ. ಸಂಜೆ ಹೊತ್ತಿಗೆ ಬರ್ತಿದ್ದ ನೋವಿಗೆ ದಿಂಬಿಂದ ಎಳ್ಳಷ್ಟೂ ಪ್ರಯೋಜನ ಆಗ್ಲಿಲ್ಲ, ಅದು ಕಮ್ಮಿ ಆಗಿದ್ದು ಬೇರೆ ದಾರೀಲಿ. ಇವೆರಡೂ ಬೇರೆ ಬೇರೆ ನೋವು ಅಂತ ಗೊತ್ತಾಗೋಕೆ ನಂಗೆ ಎರಡು ತಿಂಗಳು ಹಿಡೀತು, ಅದು ಮೊದ್ಲೇ ಗೊತ್ತಿದ್ದಿದ್ರೆ ಅಷ್ಟು ದಿನ ಒದ್ದಾಡೋದು ತಪ್ತಿತ್ತು, ಅದಕ್ಕೇ ಇಷ್ಟು ಉದ್ದ ಬರೀತಿದೀನಿ.

ನನ್ನ ಪರಿಸ್ಥಿತಿ ಹೇಗಿತ್ತು ಅಂದ್ರೆ, ಬೆಳಿಗ್ಗೆ ಎದ್ದ ತಕ್ಷಣ ಕುತ್ತಿಗೆ ಎಡಕ್ಕೆ ತಿರುಗ್ತಾನೇ ಇರ್ಲಿಲ್ಲ, ಯಾರಾದ್ರೂ ಹಿಂದಿಂದ ಕರೆದ್ರೆ ಇಡೀ ಮೈ ತಿರುಗಿಸಿ ನೋಡ್ಬೇಕಿತ್ತು. ಸ್ನಾನ ಮಾಡಿ, ಬಿಸಿನೀರು ಬಿದ್ದು, ಒಂದು ಗಂಟೆ ಓಡಾಡಿದ ಮೇಲೆ ಅದು ತಾನಾಗೇ ಸಡಿಲ ಆಗ್ತಿತ್ತು. ಮಧ್ಯಾಹ್ನದವರೆಗೂ ಆರಾಮು. ಆಮೇಲೆ ಸಂಜೆ ನಾಲ್ಕು ಐದು ಗಂಟೆ ಹೊತ್ತಿಗೆ ಕತ್ತಿನ ಬುಡದಿಂದ ಶುರುವಾಗಿ ಭುಜದ ಮೇಲ್ಭಾಗದವರೆಗೆ ಎಳೆದು ಕಟ್ಟಿದ ಹಾಗೆ, ಕೆಲವು ದಿನ ತಲೆ ಹಿಂದಿನಿಂದ ಹಣೆವರೆಗೂ ನೋವು ಬರೋದು. ನಾನು ಇಷ್ಟೂ ಸೇರಿಸಿ "ಕುತ್ತಿಗೆ ನೋವು" ಅಂತ ಒಂದೇ ಹೆಸರಿಟ್ಕೊಂಡು ಆನ್‌ಲೈನಲ್ಲಿ ದಿಂಬು ಹುಡುಕಿದ್ದೆ.

ದಿಂಬಿನ ವಿಷಯಕ್ಕೆ ಬರೋಣ. ಅಲೆ ಥರ ಇರತ್ತೆ, ಒಂದು ಅಂಚು ಎತ್ತರ, ಇನ್ನೊಂದು ಅಂಚು ಸ್ವಲ್ಪ ತಗ್ಗು, ನಡುವೆ ತಲೆ ಇಡೋಕೆ ಗುಂಡಿ. ನಂಗೆ ಬಂದಿದ್ದು ಎತ್ತರದ ಕಡೆ 12 ಸೆಂಟಿಮೀಟರ್, ತಗ್ಗಿನ ಕಡೆ 10, ಗುಂಡಿ 7. ಒಳಗಿರೋದು ಮೆಮೊರಿ ಫೋಮ್. ಈ ಫೋಮ್ ಮೊದಲು ತಯಾರಾಗಿದ್ದು ಮಲಗೋಕೆ ಅಲ್ಲ, 1966ರಲ್ಲಿ ನಾಸಾಗೋಸ್ಕರ ಚಾರ್ಲ್ಸ್ ಯೋಸ್ಟ್ ಅನ್ನೋ ಇಂಜಿನಿಯರ್ ವಿಮಾನದ ಸೀಟಿಗೆ ಅಂತ ಇದನ್ನ ಮಾಡಿದ್ದು, ಅಪಘಾತ ಆದಾಗ ಕೂತಿರೋರಿಗೆ ಪೆಟ್ಟು ಕಮ್ಮಿ ಆಗ್ಲಿ ಅಂತ. ಮೈ ಬಿಸಿಗೆ ಮೆತ್ತಗಾಗಿ, ಭಾರ ಬಿದ್ದ ಕಡೆ ನಿಧಾನಕ್ಕೆ ಕುಗ್ಗಿ, ಭಾರ ತೆಗೆದ ಮೇಲೆ ನಿಧಾನಕ್ಕೆ ಮೇಲೆ ಬರೋದು ಇದರ ಗುಣ. ಅಂಗೈ ಒತ್ತಿ ತೆಗೆದ್ರೆ ಐದೂ ಬೆರಳಿನ ಗುರುತು ಹಾಗೇ ಇರತ್ತೆ, ನೋಡ್ತಾ ನೋಡ್ತಾ ಮೆಲ್ಲಗೆ ತುಂಬ್ಕೊಳತ್ತೆ. ಇದೇ ಗುಣದಿಂದ ಚಳಿಗೆ ಗಟ್ಟಿ ಆಗೋದೂ ಇದೆ, ಅದನ್ನ ಆಮೇಲೆ ಹೇಳ್ತೀನಿ.

ಮೊದಲ ವಾರ ನೋವು ಜಾಸ್ತಿ ಆಯ್ತು. ಹೌದು, ಜಾಸ್ತೀನೇ ಆಯ್ತು. ವಾಪಸ್ ಕಳಿಸೋಣ ಅಂತ ಫಾರ್ಮ್ ಕೂಡ ತುಂಬಿದ್ದೆ. ಅಷ್ಟರಲ್ಲಿ ಫಿಸಿಯೋಥೆರಪಿಸ್ಟ್ ಹತ್ರ ಹೋಗೋದಿತ್ತು, ಅವರಿಗೆ ಹೀಗಾಗ್ತಿದೆ ಅಂದೆ. "ಹೇಗೆ ಮಲಗ್ತೀರಾ, ಇಲ್ಲೇ ಮಲಗಿ ತೋರ್ಸಿ" ಅಂದ್ರು. ತೋರಿಸ್ದೆ. ಅಂಗಾತ ಮಲಗಿ ಎತ್ತರದ ಅಂಚನ್ನ ತಲೆ ಕೆಳಗೆ ಇಟ್ಕೊಂಡಿದ್ದೆ, ಗದ್ದ ಎದೆಗೆ ತಾಗೋ ಹಾಗೆ ತಲೆ ಮುಂದಕ್ಕೆ ಬಾಗಿತ್ತು. ಅವರು ಹೇಳಿದ್ದು, "ಹಗಲೆಲ್ಲ ಫೋನ್ ನೋಡ್ತಾ ಹೇಗೆ ತಲೆ ಬಗ್ಗಿಸ್ತೀರೋ ರಾತ್ರೀನೂ ಅದೇ ಥರ ಏಳು ಗಂಟೆ ಬಗ್ಗಿಸಿ ಇಟ್ಟಿದೀರಾ, ಇನ್ನು ಅದಕ್ಕೆ ಬಿಡುವು ಯಾವಾಗ?"

ಅಂಗಾತ ಮಲಗೋದಾದ್ರೆ ತಗ್ಗಿನ ಅಂಚು ಕುತ್ತಿಗೆಯ ಬಾಗಿನ ಕೆಳಗೆ ಬರ್ಬೇಕು, ತಲೆ ಗುಂಡಿಯಲ್ಲಿ ಕೂರ್ಬೇಕು, ಭುಜ ದಿಂಬಿನ ಮೇಲೆ ಹತ್ತಲೇಬಾರದು. ಮಗ್ಗುಲಾಗಿ ಮಲಗೋದಾದ್ರೆ ಎತ್ತರದ ಕಡೆ. ನಂತರ ಅವರು ಒಂದು ಅಳತೆ ಹೇಳ್ಕೊಟ್ರು, ಇದನ್ನ ದಿಂಬು ತಗೊಳ್ಳೋ ಪ್ರತಿಯೊಬ್ರೂ ಮಾಡ್ಬೇಕು ಅಂತ ನಂಗೆ ಅನ್ಸತ್ತೆ. ಗೋಡೆಗೆ ಪಕ್ಕಕ್ಕೆ ನಿಂತು ಭುಜದ ತುದಿ ಗೋಡೆಗೆ ತಾಗಿಸ್ಬೇಕು, ತಲೆ ನೆಟ್ಟಗೆ, ನೋಟ ಮುಂದಕ್ಕೆ, ಆಗ ಕಿವಿಯಿಂದ ಗೋಡೆವರೆಗೆ ಎಷ್ಟು ಜಾಗ ಇದೆ ಅಂತ ಬೇರೆಯವರ ಕೈಲಿ ಸ್ಕೇಲ್ ಇಡಿಸಿ ನೋಡ್ಬೇಕು. ನಂದು 13 ಸೆಂಟಿಮೀಟರ್ ಬಂತು. ನನ್ನ ಹಾಸಿಗೆ ಮೆತ್ತಗಿರೋದ್ರಿಂದ ಭುಜ ಸುಮಾರು 3 ಸೆಂಟಿಮೀಟರ್ ಒಳಗೆ ಹೋಗತ್ತೆ, ಹಾಗಾಗಿ ನಂಗೆ ಬೇಕಿದ್ದು ತಲೆ ಭಾರ ಬಿದ್ದ ಮೇಲೂ 10 ಉಳಿಯೋ ದಿಂಬು. 12ರ ಅಂಚು ತಲೆ ಇಟ್ಟಾಗ 2 ಕುಗ್ಗತ್ತೆ, ಸರಿಯಾಗಿ ಕೂತ್ಕೊಳ್ತು. ಗಟ್ಟಿ ಹಾಸಿಗೆ ಮೇಲೆ ಮಲಗೋರಿಗೆ, ಅಗಲ ಭುಜ ಇರೋರಿಗೆ ಇದೇ ದಿಂಬು ತಗ್ಗಾಗತ್ತೆ, ಸಣ್ಣ ಮೈಕಟ್ಟಿನೋರಿಗೆ ಎತ್ತರ ಆಗತ್ತೆ. ದಿಂಬಲ್ಲಿ ತಪ್ಪಿರಲ್ಲ, ಅಳತೆ ತಪ್ಪಿರತ್ತೆ ಅಷ್ಟೆ.

ಮಗ್ಗುಲಾಗಿ ಮಲಗಿದ ಮೇಲೆ ಹಿಂದಿಂದ ಒಂದು ಫೋಟೋ ತೆಗೆಸ್ಕೊಳ್ಳಿ. ಮೂಗು, ಗದ್ದ, ಎದೆಯ ನಡುಭಾಗ ಹಾಸಿಗೆಗೆ ಸಮಾನಾಂತರವಾಗಿ ಒಂದೇ ಗೆರೆಯಲ್ಲಿ ಇರ್ಬೇಕು, ಫೋಟೋ ಹಿಂದಿಂದ ಆದ್ರೆ ತಲೆಯ ಹಿಂಭಾಗದಿಂದ ಬೆನ್ನವರೆಗೂ ನೇರ ಕಾಣ್ಬೇಕು. ನನ್ನ ಹಳೇ ಹತ್ತಿ ದಿಂಬಲ್ಲಿ ತೆಗೆದ ಫೋಟೋದಲ್ಲಿ ತಲೆ ಕೆಳಗೆ ಜೋತುಬಿದ್ದಿತ್ತು, ಹತ್ತಿ ನಡುವೆ ಗಂಟುಗಟ್ಟಿ ಎರಡೂ ಕಡೆ ಸರಿದು ನಡುವೆ ಬರೀ ಬಟ್ಟೆ ಉಳಿದಿತ್ತು. ಬೆಳಿಗ್ಗೆ ನೋವಿಗೆ ಕಾರಣ ಆ ಫೋಟೋದಲ್ಲೇ ಇತ್ತು. ಅಳತೆ ಸರಿ ಮಾಡ್ಕೊಂಡು ಹತ್ತು ಹನ್ನೆರಡು ದಿನಕ್ಕೆ ಬಿಗಿತ ಕಮ್ಮಿ ಆಗ್ತಾ ಬಂತು, ತಿಂಗಳು ಮುಗಿಯೋ ಹೊತ್ತಿಗೆ ಎದ್ದ ತಕ್ಷಣ ಎಡಕ್ಕೆ ತಿರುಗಿ ಕಿಟಕಿ ನೋಡೋಕಾಯ್ತು.

ಬೋರಲು ಮಲಗೋ ಅಭ್ಯಾಸ ಇರೋರು ಈ ದಿಂಬು ತಗೋಬೇಡಿ. ಇದೊಂದೇ ಅಲ್ಲ, ಇಂಥ ಯಾವ ದಿಂಬೂ ಬೇಡ. ಹೊಟ್ಟೆ ಮೇಲೆ ಮಲಗಿದ್ರೆ ಉಸಿರಾಡೋಕೆ ಮುಖ ಒಂದು ಕಡೆ ತಿರುಗಿಸ್ಲೇಬೇಕು, ಅಂದ್ರೆ ಗಂಟೆಗಟ್ಟಲೆ ಕುತ್ತಿಗೆ ತಿರುವಿನ ಕೊನೇ ಹಂತದಲ್ಲಿ ನಿಂತಿರತ್ತೆ. ಕುತ್ತಿಗೆಯಲ್ಲಿ ಒಟ್ಟು 7 ಮೂಳೆ ಮಣಿಗಳಿವೆ, ತಲೆ ತಿರುಗಿಸೋ ಕೆಲಸದಲ್ಲಿ ಹತ್ರಹತ್ರ ಅರ್ಧ ಮೇಲಿನ ಎರಡು ಮಣಿಗಳ ನಡುವೆನೇ ಆಗೋದು, ಅಲ್ಲಿನ ಕೀಲು ಮತ್ತು ಸಣ್ಣ ಸ್ನಾಯುಗಳು ರಾತ್ರಿಯೆಲ್ಲ ಒಂದೇ ಕಡೆ ಎಳೆದಿದ್ರೆ ಬೆಳಿಗ್ಗೆ ಹಿಡ್ಕೊಳ್ಳದೆ ಇನ್ನೇನಾಗತ್ತೆ. ನಾವು "ಕುತ್ತಿಗೆ ಹಿಡ್ಕೊಂಡಿದೆ", "ಉಳುಕಿದೆ" ಅನ್ನೋದು ಬಹಳ ಸಲ ಇದೇ, ಎರಡು ಮೂರು ದಿನದಿಂದ ವಾರದೊಳಗೆ ತಾನಾಗೇ ಬಿಡತ್ತೆ. ಬಿಸಿ ಶಾಖ ಕೊಟ್ಟು, ನೋವಾಗದಷ್ಟು ಮೆಲ್ಲಗೆ ಆಡಿಸ್ತಾ ಇದ್ರೆ ಬೇಗ ಬಿಡತ್ತೆ, ಅಲುಗಾಡದೆ ಮಲಗಿದ್ರೆ ತಡ ಆಗತ್ತೆ.

ಈಗ ಸಂಜೆ ನೋವು. ಬೆಳಿಗ್ಗೇದು ಹೋಯ್ತು, ಸಂಜೇದು ಒಂದಿಂಚೂ ಕದಲ್ಲಿಲ್ಲ. ಫಿಸಿಯೋ ಹೇಳಿದ್ರು ಒಂದು ವಾರ ಬರೆದಿಡಿ, ನೋವು ಯಾವಾಗ ಶುರು, ಆಗ ಏನ್ ಮಾಡ್ತಿದ್ರಿ, ಏನ್ ಮಾಡಿದ್ರೆ ಕಮ್ಮಿ ಆಯ್ತು, ಅಷ್ಟೇ ಸಾಕು ಅಂತ. ಬರೆದೆ. ಏಳು ದಿನದಲ್ಲಿ ಐದು ದಿನ ನೋವು, ಎರಡು ದಿನ ಇಲ್ಲವೇ ಇಲ್ಲ, ಆ ಎರಡು ದಿನ ರಜಾ. ನೋವು ಬಂದ ಐದೂ ದಿನ ಲ್ಯಾಪ್‌ಟಾಪ್ ಮುಂದೆ ಎರಡು ಗಂಟೆಗಿಂತ ಜಾಸ್ತಿ ಒಂದೇ ಸಮ ಕೂತಿದ್ದೆ. ದಿಂಬು ಇದನ್ನ ಹೇಗೆ ಸರಿ ಮಾಡತ್ತೆ, ಸಾಧ್ಯಾನೇ ಇಲ್ಲ.

ತಲೆ ತೂಕ ಸುಮಾರು 4.5ರಿಂದ 5 ಕಿಲೋ. ನೆಟ್ಟಗಿದ್ದಾಗ ಮೂಳೆ ಮಣಿಗಳ ಮೇಲೆ ಆ ಭಾರ ನೇರ ಇಳಿಯತ್ತೆ, ತಲೆ ಮುಂದಕ್ಕೆ ಬಂದಷ್ಟೂ ಹಿಂದಿನ ಸ್ನಾಯುಗಳು ಅದನ್ನ ಹಗ್ಗ ಕಟ್ಟಿ ಎಳೆದ ಹಾಗೆ ಹಿಡ್ಕೋಬೇಕು. ತುಂಬಿದ ಕೊಡ ಸೊಂಟದ ಮೇಲಿಟ್ಕೊಂಡು ನಡೆಯೋದಕ್ಕೂ, ಅದೇ ಕೊಡ ಕೈ ಚಾಚಿ ದೂರ ಹಿಡಿಯೋದಕ್ಕೂ ಇರೋ ವ್ಯತ್ಯಾಸ ಇದು. ಕೆನೆತ್ ಹನ್ಸ್‌ರಾಜ್ ಅನ್ನೋ ಬೆನ್ನುಮೂಳೆ ಸರ್ಜನ್ 2014ರಲ್ಲಿ ಕಂಪ್ಯೂಟರ್ ಮಾಡೆಲ್ ಇಟ್ಟು ಲೆಕ್ಕ ಹಾಕಿದ್ರು, 15 ಡಿಗ್ರಿ ಬಗ್ಗಿದ್ರೆ ಕುತ್ತಿಗೆ ಮೇಲೆ ಸುಮಾರು 12 ಕಿಲೋ, 60 ಡಿಗ್ರಿ ಬಗ್ಗಿದ್ರೆ ಸುಮಾರು 27 ಕಿಲೋ ಬೀಳತ್ತೆ ಅಂತ. ಈ 27 ಕಿಲೋ ನಂಬರ್ ನೀವೂ ನೋಡಿರ್ತೀರ, ಎಲ್ಲಾ ಕಡೆ ಓಡಾಡತ್ತೆ. ಅದು ಮಾಡೆಲ್ಲಿನ ಲೆಕ್ಕ, ಬಗ್ಗಿದವರಿಗೆಲ್ಲ ನೋವು ಬಂದೇ ಬರತ್ತೆ ಅಂತ ಅದರ ಅರ್ಥ ಅಲ್ಲ. ಬಗ್ಗೋದು ತಪ್ಪಲ್ಲ, ಬಗ್ಗಿ ಹಾಗೇ ಉಳಿಯೋದು ತೊಂದರೆ. ನನ್ನ ಬರವಣಿಗೆ ನೋಡಿ ಫಿಸಿಯೋ ಹೇಳಿದ್ದೂ ಇದೇ, ಕೂರೋ ಭಂಗಿ ಯಾವುದೇ ಇರ್ಲಿ, ಅರ್ಧ ಗಂಟೆಗೊಂದು ಸಲ ಬದಲಾಯಿಸಿ.

ಅವರು ಬೆರಳಿಟ್ಟು ತೋರಿಸಿದ ಜಾಗ ಮರೆಯೋಕಾಗಲ್ಲ. ಬೆನ್ನ ಮೇಲೆ ಭುಜದ ಹಿಂದೆ ಚಪ್ಪಟೆ ಮೂಳೆ ಇದ್ಯಲ್ಲ, ಅದರ ಮೇಲಿನ ಒಳಮೂಲೆ, ಅಲ್ಲಿ ಹೆಬ್ಬೆರಳು ಒತ್ತಿದ್ರು. ಒಳಗೆ ಕಡಲೆ ಕಾಳಿನಷ್ಟು ಗಂಟು, ಒತ್ತಿದ ತಕ್ಷಣ ನೋವು ಕಿವಿ ಹಿಂದಿನವರೆಗೂ ಹೋಯ್ತು. ಅಲ್ಲಿಂದ ಒಂದು ಸ್ನಾಯು ಕುತ್ತಿಗೆಯ ಮೇಲಿನ ನಾಲ್ಕು ಮಣಿಗಳವರೆಗೆ ಹೋಗತ್ತಂತೆ, ಭುಜ ಮೇಲೆತ್ತೋದು ಅದರ ಕೆಲಸ. ಟೆನ್ಶನ್ ಆದಾಗ ನಾವು ಗೊತ್ತಿಲ್ದೇ ಭುಜ ಕಿವಿ ಕಡೆ ಎತ್ತಿ ಇಟ್ಕೋತೀವಿ, ಹಲ್ಲು ಕಚ್ಚಿ ಹಿಡೀತೀವಿ, ಆವಾಗೆಲ್ಲ ಇದು ಕೆಲಸ ಮಾಡ್ತಾನೇ ಇರತ್ತೆ. ಇದನ್ನ ಓದ್ತಿರೋ ಈ ಕ್ಷಣ ನಿಮ್ಮ ಭುಜ ಎಲ್ಲಿದೆ ನೋಡ್ಕೊಳ್ಳಿ, ಇಳಿಸಿ.

ಲ್ಯಾಪ್‌ಟಾಪಿಗೆ ಸ್ಟ್ಯಾಂಡ್ ತಗೊಳ್ಳೋ ಮೊದಲು ದಪ್ಪ ಪುಸ್ತಕಗಳನ್ನ ಒಂದರ ಮೇಲೊಂದು ಇಟ್ಟು ಸ್ಕ್ರೀನಿನ ಮೇಲಂಚು ಕಣ್ಣಿನ ಮಟ್ಟಕ್ಕೆ ತಂದೆ, ಬೇರೆ ಕೀಬೋರ್ಡ್ ಸಿಕ್ಕಿಸ್ಕೊಂಡೆ, ಸ್ಕ್ರೀನ್ ಒಂದು ತೋಳಿನಷ್ಟು ದೂರ. ಬರೀ ಸ್ಟ್ಯಾಂಡ್ ತಗೊಂಡು ಕೀಬೋರ್ಡ್ ಬಿಟ್ರೆ ಕೈ ಎತ್ತಿ ಟೈಪ್ ಮಾಡಿ ಭುಜ ಹಿಡ್ಕೊಳತ್ತೆ, ಎರಡೂ ಒಟ್ಟಿಗೆ ಬೇಕು. ಜೊತೆಗೆ ಫೋನಲ್ಲಿ ಅರ್ಧ ಗಂಟೆಗೊಂದು ಅಲಾರಂ, ಎದ್ದು ನೀರು ಕುಡಿದು ಬರೋದು, ಗದ್ದ ಒಳಕ್ಕೆ ಎಳ್ಕೊಂಡು ಐದು ಸೆಕೆಂಡ್ ಹಿಡಿದು ಬಿಡೋದು ಹತ್ತು ಸಲ, ಎರಡೂ ಭುಜ ಹಿಂದಕ್ಕೆ ಜೋಡಿಸೋದು ಹತ್ತು ಸಲ. ಮೂರು ವಾರಕ್ಕೆ ಸಂಜೆ ನೋವು ಅರ್ಧಕ್ಕಿಂತ ಕಮ್ಮಿ ಆಯ್ತು. ಈಗ ತಿಂಗಳಿಗೆ ಒಂದೋ ಎರಡೋ ಸಲ ಬರತ್ತೆ, ಬಂದ ದಿನ ಯೋಚಿಸಿದ್ರೆ ಅಲಾರಂ ಆಫ್ ಮಾಡಿ ಕೂತಿರ್ತೀನಿ.

ಮನೇಲಿ ದಿಂಬು ನೋಡಿ ಎಲ್ರೂ ಒಂದೊಂದು ರಾತ್ರಿ ಮಲಗಿ ನೋಡಿದ್ರು, ಒಬ್ಬೊಬ್ಬರ ಕಥೆ ಒಂದೊಂದು. ಅಮ್ಮನಿಗೆ ಏನೂ ವ್ಯತ್ಯಾಸ ಆಗ್ಲಿಲ್ಲ. ಅವರಿಗೆ ನೋವು ಬರ್ತಿದ್ದಿದ್ದು ಕಂಪ್ಯೂಟರಲ್ಲಿ ಓದುವಾಗ, ಪ್ರೋಗ್ರೆಸಿವ್ ಕನ್ನಡಕ, ಹತ್ತಿರದ್ದು ಓದೋಕೆ ಗಾಜಿನ ಕೆಳಭಾಗದಿಂದ ನೋಡ್ಬೇಕು, ಅದಕ್ಕೋಸ್ಕರ ಗದ್ದ ಮೇಲೆತ್ತಿ ತಲೆ ಹಿಂದಕ್ಕೆ ಹಾಕಿ ಕೂರ್ತಿದ್ರು. ಅವರ ಸ್ಕ್ರೀನನ್ನ ನಂದಕ್ಕೆ ಉಲ್ಟಾ, ಇನ್ನೂ ಕೆಳಗೆ ಇಳಿಸಿದ್ವಿ, ಸರಿ ಹೋಯ್ತು. ನಂಗೆ ಎತ್ತರ ಮಾಡಿದ್ದು ಔಷಧಿ, ಅಮ್ಮನಿಗೆ ಅದೇ ರೋಗ. ತಮ್ಮ ಲ್ಯಾಪ್‌ಟಾಪ್ ಬ್ಯಾಗ್ ಯಾವಾಗ್ಲೂ ಬಲಭುಜಕ್ಕೇ ಹಾಕ್ತಾನೆ, ಜೊತೆಗೆ ಫೋನ್ ಕಿವಿ ಭುಜದ ಮಧ್ಯೆ ಸಿಕ್ಕಿಸ್ಕೊಂಡು ಮಾತಾಡ್ತಾನೆ, ಅವನಿಗೂ ದಿಂಬು ಬೇಕಿರ್ಲಿಲ್ಲ, ಎರಡು ಪಟ್ಟಿಯ ಬ್ಯಾಗು ಮತ್ತು ಇಯರ್‌ಫೋನ್ ಬೇಕಿತ್ತು.

ಅಪ್ಪನ ಎಕ್ಸ್‌ರೇ ರಿಪೋರ್ಟಲ್ಲಿ ಸರ್ವೈಕಲ್ ಸ್ಪಾಂಡಿಲೋಸಿಸ್ ಅಂತ ಬರೆದಿತ್ತು, ಮನೆಯವರೆಲ್ಲ ಗಾಬರಿ ಆಗಿದ್ವಿ. ಡಾಕ್ಟರ್ ವಿವರಿಸಿದ ಮೇಲೆ ಸಮಾಧಾನ ಆಯ್ತು. ಮಣಿಗಳ ನಡುವೆ ಇರೋ ಡಿಸ್ಕಲ್ಲಿ ನೀರಿನ ಅಂಶ ವಯಸ್ಸಾಗ್ತಾ ಕಮ್ಮಿ ಆಗಿ ತೆಳ್ಳಗಾಗತ್ತೆ, ಮೂಳೆ ಅಂಚಲ್ಲಿ ಚೂಪು ಬೆಳೆಯತ್ತೆ, 60 ದಾಟಿದ ಬಹುತೇಕರ ಎಕ್ಸ್‌ರೇಲಿ ಇದು ಕಾಣತ್ತೆ, ಅದರಲ್ಲಿ ಎಷ್ಟೋ ಜನಕ್ಕೆ ನೋವೇ ಇರಲ್ಲ. ಕೂದಲು ಬೆಳ್ಳಗಾದ ಹಾಗೆ ಇದೂ ಒಂದು ಅಂತ ಅಂದ್ರು. ಹಾಗಾಗಿ ರಿಪೋರ್ಟಲ್ಲಿ ಆ ಪದ ಕಂಡ ತಕ್ಷಣ ನೋವಿಗೆಲ್ಲ ಅದೇ ಕಾರಣ ಅನ್ಕೊಳ್ಳೋದೂ ತಪ್ಪು, ಆಡಿಸೋದೇ ಬಿಟ್ಟು ಮೂಲೆಲಿ ಕೂರೋದೂ ತಪ್ಪು. ಈಗ ಇಲ್ಲಿ ನಂಗೆ ಕಂಪನಿ ಮೇಲೆ ನಿಜವಾದ ಸಿಟ್ಟಿದೆ, ಡಬ್ಬದ ಮೇಲೆ "ಸ್ಪಾಂಡಿಲೋಸಿಸ್ ಗುಣಪಡಿಸುತ್ತದೆ" ಅಂತ ದೊಡ್ಡದಾಗಿ ಹಾಕಿದಾರೆ. ಯಾವ ದಿಂಬೂ ಸವೆದ ಡಿಸ್ಕನ್ನ ವಾಪಸ್ ತರಲ್ಲ. ಮಲಗಿದಾಗ ಆರಾಮ ಕೊಡಬಹುದು, ಅಷ್ಟು ಹೇಳ್ಕೊಂಡ್ರೆ ಸಾಕಿತ್ತು, ಹೆದರಿ ಕೂತಿರೋ ವಯಸ್ಸಾದವರ ಮುಂದೆ ಸುಳ್ಳು ಆಸೆ ಇಡೋದು ಸರಿ ಅಲ್ಲ. ಇದನ್ನ ಅವರಿಗೂ ಬರೆದು ಕಳಿಸಿದೀನಿ, ಉತ್ತರ ಬಂದಿಲ್ಲ.

ಇನ್ನೊಂದು ಮಾತು, ಇದನ್ನ ದಯವಿಟ್ಟು ಓದಿ. ನನ್ನ ಆಫೀಸಿನ ಗೆಳತಿ ಒಬ್ಬಳು ನನ್ನ ದಿಂಬಿನ ವಿಷಯ ಕೇಳಿ ತಾನೂ ಆರ್ಡರ್ ಮಾಡೋಕೆ ಹೊರಟಿದ್ಲು. ಮಾತಾಡ್ತಾ ಗೊತ್ತಾಯ್ತು, ಅವಳ ನೋವು ಕುತ್ತಿಗೇಲಿ ನಿಲ್ತಿರ್ಲಿಲ್ಲ, ಕರೆಂಟ್ ಹೊಡೆದ ಹಾಗೆ ತೋಳಲ್ಲಿ ಇಳಿದು ಹೆಬ್ಬೆರಳು ಜೋಮು ಹಿಡೀತಿತ್ತು. ಅದು ಸ್ನಾಯು ನೋವಲ್ಲ, ನರ ಒತ್ತೋದು. ಯಾವ ಬೆರಳು ಅನ್ನೋದರಿಂದ ಯಾವ ನರ ಅಂತ ಡಾಕ್ಟರ್ ಅಂದಾಜು ಮಾಡ್ತಾರೆ, ಹೆಬ್ಬೆರಳ ಕಡೆ ಆದ್ರೆ ಸಾಮಾನ್ಯವಾಗಿ ಸಿ-6 (ಅಂದ್ರೆ ಕುತ್ತಿಗೆಯಿಂದ ಹೊರಡೋ ಆರನೇ ನರ), ನಡುಬೆರಳು ಸಿ-7, ಕಿರುಬೆರಳು ಸಿ-8. ಅವಳನ್ನ ಮೊದಲು ಡಾಕ್ಟರ್ ಹತ್ರ ಕಳಿಸ್ದೆ, ಆಪರೇಷನ್ ಏನೂ ಬೇಕಾಗ್ಲಿಲ್ಲ, ಇಂಥದ್ದು ಬಹಳ ಜನಕ್ಕೆ ಔಷಧಿ, ವ್ಯಾಯಾಮದಲ್ಲೇ ಕೆಲವು ವಾರ ತಿಂಗಳಲ್ಲಿ ಕಮ್ಮಿ ಆಗತ್ತೆ, ಆದ್ರೆ ನೋಡಿಸ್ಲೇಬೇಕು. ಕೈಯಲ್ಲಿ ಶಕ್ತಿ ಕಮ್ಮಿ ಆಗ್ತಿದ್ರೆ, ಅಂಗಿ ಗುಂಡಿ ಹಾಕೋಕೆ ಬೆರಳು ಮಾತು ಕೇಳದಿದ್ರೆ, ನಡೆಯುವಾಗ ತೂರಾಡ್ತಿದ್ರೆ, ಮೂತ್ರದ ಹಿಡಿತ ತಪ್ಪಿದ್ರೆ ಕಾಯಲೇಬೇಡಿ. ಬಿದ್ದೋ ಗಾಡಿ ಗುದ್ದಿಯೋ ಶುರುವಾದ ನೋವು, ಜ್ವರ ತಲೆನೋವಿನ ಜೊತೆ ಗದ್ದ ಎದೆಗೆ ತಾಗಿಸೋಕಾಗದಷ್ಟು ಬಿಗಿತ, ಇದ್ದಕ್ಕಿದ್ದ ಹಾಗೆ ಜೋರು ನೋವು ಬಂದು ತಲೆಸುತ್ತು ಮಾತು ತೊದಲೋದು, ಎದೆ ಬಿಗಿದು ಬೆವರಿ ದವಡೆ ಕುತ್ತಿಗೆಗೆ ಹರಡೋ ನೋವು, ಇವೆಲ್ಲ ನೇರ ಎಮರ್ಜೆನ್ಸಿಗೆ ಹೋಗೋ ಕೇಸು. ಸುಮ್ಸುಮ್ನೆ ತೂಕ ಇಳೀತಿದ್ದು ರಾತ್ರಿ ಮಲಗಿದ್ರೂ ಬಿಡದ ನೋವಿದ್ರೂ ಬೇಗ ತೋರ್ಸಿ.

ಕುತ್ತಿಗೆ ಪಟ್ಟಿ ಕೂಡ ನಾನು ಒಂದು ವಾರ ಹಾಕ್ಕೊಂಡಿದ್ದೆ, ಯಾರೂ ಹೇಳದೆ. ಫಿಸಿಯೋ ತೆಗೆಸಿದ್ರು. ಜಾಸ್ತಿ ದಿನ ಹಾಕಿದ್ರೆ ಸ್ನಾಯುಗಳು ಕೆಲಸ ಮರೆತು ಸೊರಗ್ತಾವೆ. ಕುತ್ತಿಗೆ ಹಿಡಿದು ಲಟಕ್ ಅಂತ ತಿರುಗಿಸಿ ನೆಟಿಗೆ ತೆಗೆಯೋದನ್ನ ಕಲಿತವರಲ್ಲದವರ ಕೈಲಿ ಮಾಡಿಸ್ಲೇಬೇಡಿ, ಅಲ್ಲಿ ಮೆದುಳಿಗೆ ಹೋಗೋ ರಕ್ತನಾಳಗಳಿವೆ.

ದಿಂಬಿನ ಕೊರತೆಗಳು ಏನಂದ್ರೆ, ಮೊದಲ ಮೂರು ನಾಲ್ಕು ದಿನ ಹೊಸ ಪೇಂಟ್ ಥರ ವಾಸನೆ, ಬಾಲ್ಕನಿಯಲ್ಲಿ ನೆರಳಲ್ಲಿ ಇಟ್ಟ ಮೇಲೆ ಹೋಯ್ತು. ಸೆಕೆಗೆ ಕತ್ತು ಬೆವರತ್ತೆ, ಹತ್ತಿ ಕವರ್ ಮೇಲೊಂದು ಹಾಕಿದ್ರೆ ಪರವಾಗಿಲ್ಲ. ಚಳಿಯಲ್ಲಿ ಮಲಗಿದ ಮೊದಲ ಹತ್ತು ನಿಮಿಷ ಹಲಗೆ ಥರ ಇರತ್ತೆ, ಮೈ ಬಿಸಿ ತಾಗಿದ ಮೇಲೆ ಇಳಿಯತ್ತೆ. ಕವರ್ ಮಾತ್ರ ಒಗೀಬೇಕು, ಫೋಮ್ ನೀರಿಗೆ ಹಾಕಿದ್ರೆ ಒಳಗೆ ಒಣಗೋದೇ ಇಲ್ಲ, ಹರಿಯತ್ತೆ. ನಾಲ್ಕು ತಿಂಗಳಾದ ಮೇಲೆ ಅದೇ ಸ್ಕೇಲಿಂದ ಅಳೆದೆ, 12 ಇದ್ದಿದ್ದು 11.5 ಆಗಿದೆ, ಇನ್ನೂ ಕುಗ್ಗಿದ್ರೆ ಕೆಳಗೊಂದು ಮಡಚಿದ ಟವೆಲ್ ಇಡ್ತೀನಿ. ಹೊಲಿಗೆ, ಜಿಪ್ ಗಟ್ಟಿಯಾಗಿದೆ.

5ಕ್ಕೆ 3.5 ಕೊಡ್ತೀನಿ. ಡಬ್ಬದ ಮೇಲಿನ ಆ ಸಾಲು ಇಲ್ದಿದ್ರೆ 4 ಕೊಡ್ತಿದ್ದೆ. ಬೆಳಿಗ್ಗೆ ಎದ್ದಾಗ ಜಾಸ್ತಿ ನೋವಿದ್ದು ಓಡಾಡ್ತಾ ಕಮ್ಮಿ ಆಗೋರು, ಮಗ್ಗುಲಾಗಿ ಅಥವಾ ಅಂಗಾತ ಮಲಗೋರು ಅಳತೆ ನೋಡಿ ತಗೊಳ್ಳಿ. ಬೆಳಿಗ್ಗೆ ಆರಾಮಾಗಿದ್ದು ಸಂಜೆ ನೋವಾಗೋರು ಇದರ ದುಡ್ಡಲ್ಲಿ ಕೀಬೋರ್ಡ್ ತಗೊಳ್ಳಿ. ಅಕ್ಕ ನಿನ್ನೆ ಫೋನ್ ಮಾಡಿ "ನಂಗೂ ಅದೇ ದಿಂಬು ಕಳ್ಸೋ" ಅಂದ್ಲು, ಗೋಡೆ ಪಕ್ಕ ನಿಂತು ಸ್ಕೇಲ್ ಇಡ್ಸಿ ಫೋಟೋ ಕಳ್ಸು ಅಂತ ಹೇಳಿದೀನಿ, ಭಾವನಿಗೆ ಪುರುಸೊತ್ತಾದ ತಕ್ಷಣ ಅಳತೆ ಬರತ್ತೆ, ಆಮೇಲೆ ಯಾವ ಸೈಜ್ ಅಂತ ನೋಡ್ಬೇಕು.